ನಡೆದು ಬರುವಷ್ಟು ದೂರ

ನಮ್ಮ ಸಭೆಯ ಲೆಕ್ಕಪುಸ್ತಕ ಕೆಲವು ವರ್ಷಗಳಿಂದ ನನ್ನ ಕೈಯಲ್ಲಿದೆ. ಕರಾವಳಿಯ ಸಣ್ಣ ಊರಿನ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಕನ್ನಡದಲ್ಲಿ ದಕ್ಷಿಣ ಭಾರತ ಸಭೆ) ಸಭೆ ಇದು, ಅಂದರೆ ಒಂದು ಚರ್ಚಿಗೆ ಸೇರಿದ ಕುಟುಂಬಗಳ ಕೂಟ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು ಶುರು ಮಾಡಿದ್ದು. ಊರಿನ ಹೆಸರು ಹಾಕುವುದಿಲ್ಲ. ಕೊಡಗಿನ ಕಡೆ, ಧಾರವಾಡ–ಗದಗದ ಕಡೆ ಇರುವ ನೆಂಟರ ಜೊತೆ ಮಾತಿಗೆ ಕೂತಾಗಲೂ ಜನಕ್ಕೂ ದುಡ್ಡಿಗೂ ಕೊರತೆ ಅನ್ನುವ ಇದೇ ಲೆಕ್ಕ, ಇದೇ ಚಿಂತೆ ಕೇಳಿದ್ದೇನೆ. ಹಾಗಾಗಿ ಹೆಸರು ಯಾವುದಾದರೇನು?

ಕರಾವಳಿಯಲ್ಲಿ ಕ್ರೈಸ್ತರು ಅಂದ ಕೂಡಲೇ ಜನರ ಕಣ್ಣಿಗೆ ಬರುವುದು ಕೊಂಕಣಿ ಮಾತಾಡುವ ಕಥೊಲಿಕರು. ಅವರ ಸಂಖ್ಯೆ ದೊಡ್ಡದು, ಚರ್ಚುಗಳು ದೊಡ್ಡವು. ನಾವು ಪ್ರೊಟೆಸ್ಟಂಟರು ಅವರ ಪಕ್ಕದಲ್ಲಿ ಬಹಳ ಸಣ್ಣ ಗುಂಪು. ಮನೆಯಲ್ಲಿ ತುಳು, ಆರಾಧನೆಯಲ್ಲಿ ಕನ್ನಡ. "ನೀವು ಕೊಂಕಣಿ ಮಾತಾಡಲ್ವಾ?" ಅಂತ ಕೇಳಿದವರಿಗೆ ಜೀವಮಾನವಿಡೀ ಉತ್ತರ ಕೊಟ್ಟಿದ್ದೇವೆ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಎಲ್ಲ ಪಂಗಡದ ಕ್ರೈಸ್ತರನ್ನು ಸೇರಿಸಿದರೂ ನೂರಕ್ಕೆ 1.87 ಮಂದಿ. ಅದರೊಳಗಿನ ಒಂದು ಸಣ್ಣ ಚೂರು ನಾವು. ಇಂಥ ಸಭೆಯಲ್ಲಿ ನಾಲ್ಕು ಮನೆ ಊರು ಬಿಟ್ಟರೆ ಅದು ಭಾನುವಾರವೇ ಗೊತ್ತಾಗುತ್ತದೆ.

ದುಡ್ಡಿನ ವ್ಯವಸ್ಥೆ ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮವರಲ್ಲೇ ಜಾಸ್ತಿ ಜನರಿಗೆ ಅದು ಗೊತ್ತಿಲ್ಲ. ಬರುವ ದಾರಿಗಳು ಕೆಲವೇ. ಭಾನುವಾರದ ಕಾಣಿಕೆ ಚೀಲ. ಮನೆಮನೆಯ ತಿಂಗಳ ವಂತಿಗೆ. ಹುಟ್ಟುಹಬ್ಬ, ಮದುವೆಯ ದಿನ, ಆಪರೇಷನ್ ಆಗಿ ಮನೆಗೆ ಬಂದದ್ದು, ಮಗಳಿಗೆ ಕೆಲಸ ಸಿಕ್ಕಿದ್ದು, ಇದಕ್ಕೆಲ್ಲ ಕವರಿನಲ್ಲಿ ಹಾಕಿ ಕೊಡುವ ಕೃತಜ್ಞತಾ ಕಾಣಿಕೆ. ವರ್ಷಕ್ಕೊಮ್ಮೆ ಬೆಳೆ ಹಬ್ಬದ ಏಲಂ (ಹರಾಜು). ಹೋಗುವ ದಾರಿಗಳಲ್ಲಿ ದೊಡ್ಡದು, ಸಾಮಾನ್ಯ ನಿಧಿಗೆ ನಾವು ಕಳಿಸಬೇಕಾದ ಪಾಲು, ಅಸೆಸ್‌ಮೆಂಟ್. ಸಭಾಪಾಲಕರಿಗೆ (ಪಾದ್ರಿಗಳಿಗೆ) ಸಂಬಳ ಕೊಡುವುದು ನಮ್ಮ ಸಭೆಯಲ್ಲ, ಸಭಾಪ್ರಾಂತ, ಅಂದರೆ ಬಿಷಪರ ಕೈಕೆಳಗಿನ ಡಯೋಸಿಸ್. ಬಿಷಪರು ಅವರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ವರ್ಗ ಮಾಡುತ್ತಾರೆ. ಎಲ್ಲಿಗೆ ಹೋದರೂ ಸಂಬಳ ಸಾಮಾನ್ಯ ನಿಧಿಯಿಂದಲೇ ಬರುತ್ತದೆ. ಆ ನಿಧಿಗೆ ಪ್ರತಿಯೊಂದು ಸಭೆಯೂ ತನಗೆ ಗೊತ್ತು ಮಾಡಿದ ಪಾಲು ಕಳಿಸಬೇಕು. ಈ ಏರ್ಪಾಡನ್ನು ನಾನು ಮನಸಾರೆ ಒಪ್ಪುತ್ತೇನೆ. ಬಡ ಸಭೆಗೆ ಹೋದ ಸಭಾಪಾಲಕರ ಮಕ್ಕಳು ಉಪವಾಸ ಬೀಳಬಾರದು ಅಂತಲೇ ಇದನ್ನು ಮಾಡಿದ್ದು.

ಆದರೆ ಆ ಪಾಲನ್ನು ಗೊತ್ತು ಮಾಡುವುದು ಪಟ್ಟಿಯಲ್ಲಿರುವ ಕುಟುಂಬಗಳನ್ನು ನೋಡಿ. ಭಾನುವಾರ ಬೆಂಚಿನಲ್ಲಿ ಕೂತವರನ್ನು ನೋಡಿ ಅಲ್ಲ. ನಮ್ಮ ಕಷ್ಟ ಹುಟ್ಟುವುದು ಇಲ್ಲಿಯೇ. ಪಟ್ಟಿಯಲ್ಲಿ ಹೆಸರಿರುವ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಬೀಗ ಬಿದ್ದಿದೆ, ಇಲ್ಲವೇ ಒಬ್ಬರೇ ಅಮ್ಮ ಇದ್ದಾರೆ. ಮಗ ದುಬೈಯಲ್ಲಿ, ಮಗಳು ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ. ಅಮ್ಮನಿಗೆ ಮೊಣಕಾಲು ನೋವು. ಆಟೋ ಸಿಕ್ಕಿದ ಭಾನುವಾರ ಬರುತ್ತಾರೆ. ಆಟೋಗೆ ಕೊಟ್ಟದ್ದು ಕಾಣಿಕೆ ಚೀಲಕ್ಕೆ ಹಾಕಿದ್ದಕ್ಕಿಂತ ಜಾಸ್ತಿ ಆಗಿರುತ್ತದೆ.

ಆ ಅಮ್ಮಂದಿರ ಬಗ್ಗೆ ಒಂದು ಮಾತು ಹೇಳಲೇಬೇಕು. ವಂತಿಗೆಯ ಪಟ್ಟಿಯಲ್ಲಿ ಒಂದು ತಿಂಗಳೂ ತಪ್ಪದ ಹೆಸರುಗಳು ಅವರವೇ. ನಿವೃತ್ತ ಟೀಚರುಗಳು, ನರ್ಸುಗಳು, ಗಂಡನ ಕುಟುಂಬ ಪಿಂಚಣಿಯಲ್ಲಿ ಬದುಕುವವರು. ಒಬ್ಬರು ಟೀಚರ್ ಇದ್ದಾರೆ. ಕಣ್ಣಿನ ಆಪರೇಷನ್ ಆದ ತಿಂಗಳು ನಾನು, "ಟೀಚರ್, ಈ ತಿಂಗಳು ಬೇಡ, ಮುಂದಿನ ತಿಂಗಳು ನೋಡೋಣ" ಅಂದೆ. "ಕೊಡದೆ ಬಂದು ಕೂತರೆ ನನಗೆ ಸಮಾಧಾನ ಇರುವುದಿಲ್ಲ ಮಗಾ, ಬರೆದುಕೋ" ಅಂದರು. ರಶೀದಿ ಬರೆದುಕೊಟ್ಟೆ. ನಮ್ಮ ಸಭೆ ಇವತ್ತು ನಿಂತಿರುವುದು ಇಂಥವರ ಪಿಂಚಣಿಯ ಮೇಲೆ. ಇವರ ನಂತರ ಯಾರು ಅನ್ನುವ ಪ್ರಶ್ನೆ ಕಮಿಟಿಯಲ್ಲಿ ಬಂದಾಗಲೆಲ್ಲ ಮಾತು ನಿಂತುಬಿಡುತ್ತದೆ.

ಜನ ಬರದೇ ಇರುವುದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಕೇಳುವ ಕಾರಣ ಒಂದೇ, "ಈಗಿನವರಿಗೆ ಭಕ್ತಿ ಇಲ್ಲ." ಸಭಾಪಾಲಕರ ಪ್ರಸಂಗದಲ್ಲೂ ಇದನ್ನೇ ಕೇಳುತ್ತೇವೆ, ಊಟದ ಮೇಜಿನಲ್ಲೂ ಇದನ್ನೇ. ನಾನು ಇದನ್ನು ಒಪ್ಪುವುದಿಲ್ಲ. ಬೆಂಗಳೂರಿಗೆ ಹೋದ ನಮ್ಮ ಹುಡುಗ ಹುಡುಗಿಯರಲ್ಲಿ ಅನೇಕರು ಅಲ್ಲಿ ತಪ್ಪದೆ ಆರಾಧನೆಗೆ ಹೋಗುತ್ತಾರೆ. ಕಾರ್ಪೊರೇಷನ್ ಹತ್ತಿರದ ಹಡ್ಸನ್ ಸ್ಮಾರಕ ಚರ್ಚಿನಂಥ ಹಳೆಯ ಕನ್ನಡ ಸಭೆಗಳಿಗೆ ಕೆಲವರು, ಮನೆ ಹತ್ತಿರದ ಇಂಗ್ಲಿಷ್ ಆರಾಧನೆಗೆ ಕೆಲವರು, ಗಿಟಾರ್ ಡ್ರಮ್ಸ್ ಇರುವ ಹೊಸ ಸ್ವತಂತ್ರ ಸಭೆಗಳಿಗೆ ಇನ್ನು ಕೆಲವರು. ಅಲ್ಲಿ ಆದಾಯದ ಹತ್ತರಲ್ಲೊಂದು ಪಾಲು ಕೊಡುವವರೂ ನನಗೆ ಗೊತ್ತು. ಅಂದರೆ ಭಕ್ತಿ ಇದೆ, ಕೊಡುವ ಮನಸ್ಸೂ ಇದೆ. ಅವರು ಇಲ್ಲಿಲ್ಲ, ಅಷ್ಟೆ. ನಮ್ಮ ಸಭೆ ಮೊದಲಿನಿಂದ ನಿಂತದ್ದು ಎರಡು ಸಂಗತಿಗಳ ಮೇಲೆ: ಚರ್ಚಿಗೆ ನಡೆದು ಬರುವಷ್ಟು ಹತ್ತಿರ ಮನೆ, ಮತ್ತು ಆ ಮನೆಗೆ ತಿಂಗಳು ತಿಂಗಳು ಬರುವ ಸಂಬಳ. ಒಂದು ಕಾಲದಲ್ಲಿ ಇವೆರಡೂ ಒಂದೇ ಜಾಗದಲ್ಲಿದ್ದವು. ಈಗ ಮನೆ ಇಲ್ಲಿದೆ, ಸಂಬಳ ಬೇರೆಲ್ಲೋ ಇದೆ. ಇದು ಹೇಗಾಯಿತು ಅಂತ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

ಬಾಸೆಲ್ ಮಿಶನ್‌ನ ಮೊದಲ ಮೂವರು, ಸಾಮುವೆಲ್ ಹೆಬಿಕ್, ಯೋಹಾನ್ ಲೇನರ್ ಮತ್ತು ಗ್ರೈನರ್, ಮಂಗಳೂರಿಗೆ ಬಂದದ್ದು 1834ರ ಅಕ್ಟೋಬರ್ ಕೊನೆಯಲ್ಲಿ. ಆಮೇಲೆ ಬಂದ ಮೋಗ್ಲಿಂಗ್, ಕಿಟೆಲ್ ಅವರ ಹೆಸರು ಕನ್ನಡ ಓದುವ ಎಲ್ಲರಿಗೂ ಗೊತ್ತು. ಮೋಗ್ಲಿಂಗ್ ತಂದ 1843ರ ಪತ್ರಿಕೆ, ಕಿಟೆಲ್ ಮಾಡಿದ 1894ರ ನಿಘಂಟು, ಇವುಗಳ ಬಗ್ಗೆ ನಾಡಿನಲ್ಲಿ ಗೌರವದಿಂದ ಮಾತಾಡುತ್ತಾರೆ. ನನಗೂ ಹೆಮ್ಮೆ ಇದೆ. ಆದರೆ ಅವರ ಎದುರು ಬೆಂಚಿನಲ್ಲಿ ಕೂತ ನಮ್ಮ ಮುತ್ತಜ್ಜ ಮುತ್ತಜ್ಜಿಯರು ಏನು ಮಾಡಿ ಹೊಟ್ಟೆ ಹೊರೆದರು ಅನ್ನುವುದು ಅಷ್ಟಾಗಿ ಮಾತಿಗೆ ಬರುವುದಿಲ್ಲ.

ಕ್ರೈಸ್ತರಾದವರಿಗೆ ಮನೆ, ಕುಟುಂಬ, ಕಸುಬು ಎಲ್ಲ ಒಟ್ಟಿಗೇ ತಪ್ಪಿಹೋಗುತ್ತಿತ್ತು. ಕರಾವಳಿಯಲ್ಲಿ ನಮ್ಮವರಲ್ಲಿ ಬಹಳಷ್ಟು ಮಂದಿ ಬಿಲ್ಲವ ಮನೆಗಳಿಂದ ಬಂದವರು. ಅಳಿಯಕಟ್ಟಿನ (ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುವ) ಕುಟುಂಬದಿಂದ ಹೊರಗೆ ಬಿದ್ದವನಿಗೆ ನಿಲ್ಲಲು ನೆಲ ಇರಲಿಲ್ಲ. ಕಳ್ಳು ಇಳಿಸುವ ಮೂರ್ತೆ ಕೆಲಸವನ್ನು ಮಿಶನ್ ಒಪ್ಪುತ್ತಿರಲಿಲ್ಲ. ಹಾಗಾದರೆ ಊಟಕ್ಕೇನು? ಮಿಶನ್ ಇದಕ್ಕೆ ಉತ್ತರವಾಗಿ ಮಗ್ಗ ಹಾಕಿತು, ಅಚ್ಚುಕೂಟ ತೆರೆಯಿತು, ಹೆಂಚಿನ ಕಾರ್ಖಾನೆ ಕಟ್ಟಿತು. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ನೇತ್ರಾವತಿಯ ಜೇಡಿಮಣ್ಣಿನಿಂದ ಹೆಂಚು ತಯಾರಿಸಲು ಶುರು ಮಾಡಿದರು. ಆಮೇಲೆ ಕುದ್ರೋಳಿ, ಮಲ್ಪೆ, ಕೇರಳದ ಫರೋಕ್‌ವರೆಗೂ ಕಾರ್ಖಾನೆಗಳು ಬೆಳೆದವು. ಮಂಗಳೂರು ಹೆಂಚು ಅಂತ ದೇಶವೆಲ್ಲ ಕರೆಯುವುದು ಇದನ್ನೇ.

ಕಾರ್ಖಾನೆಯ ಸುತ್ತ ನಮ್ಮವರ ಮನೆಗಳು, ಮನೆಗಳ ನಡುವೆ ಶಾಲೆ, ಅಲ್ಲೇ ಹತ್ತಿರ ಚರ್ಚು. ಬೆಳಗ್ಗೆ ಕೆಲಸ ಶುರುವಾಗುವ ಮೊದಲು ಪ್ರಾರ್ಥನೆ. ಸಂಬಳದ ದಿನ ವಂತಿಗೆ. ಕೊಡುವುದು ಅನ್ನುವುದು ಪ್ರತ್ಯೇಕವಾಗಿ ಯೋಚಿಸಬೇಕಾದ ವಿಷಯವೇ ಆಗಿರಲಿಲ್ಲ. ಕೊರತೆ ಬಿದ್ದರೆ ತುಂಬಲು ಮಿಶನ್ ಇತ್ತು. ಈ ಏರ್ಪಾಡಿನಲ್ಲಿ ಯಜಮಾನಿಕೆಯೂ ಇತ್ತು. ಸಂಬಳ ಕೊಡುವವರೇ ಸಭೆಯ ಶಿಸ್ತನ್ನೂ ನೋಡಿಕೊಂಡಾಗ ಕೆಲಸಗಾರನಿಗೆ ಎದುರು ಮಾತಾಡುವುದು ಸುಲಭವಲ್ಲ. ಅದನ್ನು ಮುಚ್ಚಿಡಬೇಕಾಗಿಲ್ಲ. ಹಾಗಿದ್ದರೂ, ಎಲ್ಲ ಕಡೆಯಿಂದ ಹೊರಗೆ ಹಾಕಿಸಿಕೊಂಡ ಜನರಿಗೆ ಅಕ್ಷರ, ಸೂರು, ಕೂಲಿ ಮೂರೂ ಸಿಕ್ಕಿದ್ದು ಅಲ್ಲಿಯೇ.

ಆಮೇಲೆ ಒಂದೊಂದೇ ಕಂಬ ಬಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಜರ್ಮನ್ ಮಿಶನರಿಗಳು ಬ್ರಿಟಿಷ್ ಸರ್ಕಾರಕ್ಕೆ ಶತ್ರುಗಳಾದರು. ಅವರನ್ನು ಬಂಧನದಲ್ಲಿಟ್ಟು, ಆಮೇಲೆ ಊರಿಗೆ ಕಳಿಸಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಗೆ ಹೋದವು. ಕೆಲಸ ಉಳಿಯಿತು, ಆದರೆ ಕಾರ್ಖಾನೆಯ ಲಾಭಕ್ಕೂ ಸಭೆಗೂ ಇದ್ದ ನಂಟು ಕಡಿದುಹೋಯಿತು. ಮಿಶನರಿಗಳು ಮುಂದೆ ಮರಳಿ ಬಂದರೂ ಮೊದಲಿನ ಬಲ ಬರಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ನಮ್ಮ ಕರಾವಳಿಯ ಸಭೆಗಳು ಅದಕ್ಕೆ ಸೇರಿದವು. ಸ್ವಾತಂತ್ರ್ಯ ಬಂದು ಆರು ವಾರ ಆಗಿತ್ತು. ನಮ್ಮ ಸಭೆ ಇನ್ನು ನಮ್ಮದೇ ಅನ್ನುವ ಸಂತೋಷ ಇತ್ತು ಅಂತ ಅಜ್ಜ ಹೇಳುತ್ತಿದ್ದರು. ಖರ್ಚೂ ಇನ್ನು ನಮ್ಮದೇ ಅನ್ನುವುದು ನಿಧಾನವಾಗಿ ತಿಳಿಯಿತು.

1974ರ ಭೂಸುಧಾರಣೆಯಲ್ಲಿ ಉಳುವವನೇ ಹೊಲದೊಡೆಯನಾದ. ಮಿಶನ್ ಜಾಗವನ್ನು ಗೇಣಿಗೆ ಮಾಡುತ್ತಿದ್ದವರೂ ಒಡೆಯರಾದರು. ಅವರಲ್ಲಿ ನಮ್ಮ ಸಭೆಯವರೇ ಹಲವರು. ಅದು ನ್ಯಾಯವೇ. ಆದರೆ ಸಭೆಗೆ ಬರುತ್ತಿದ್ದ ಗೇಣಿ ನಿಂತಿತು. ಆಮೇಲೆ ಆರ್‌ಸಿಸಿ ತಾರಸಿ ಬಂತು, ಹೆಂಚಿಗೆ ಕೇಳುವವರಿಲ್ಲದಾಯಿತು, ಸೌದೆ ಮತ್ತು ಜೇಡಿಮಣ್ಣಿನ ಬೆಲೆ ಏರಿತು. ಕಾರ್ಖಾನೆಗಳು ಒಂದಾದ ಮೇಲೊಂದು ಬಾಗಿಲು ಹಾಕಿದವು. ನಮ್ಮ ಚರ್ಚಿನ ಮಾಡಿನ ಮೇಲೆ ಇವತ್ತಿಗೂ ಮಿಶನ್ ಮುದ್ರೆಯ ಹೆಂಚುಗಳಿವೆ. ಮಳೆಗಾಲಕ್ಕೆ ಮೊದಲು ಒಡೆದದ್ದನ್ನು ಬದಲಿಸಬೇಕಾದರೆ ಹಳೆ ಮನೆ ಎಲ್ಲಿ ಕೆಡವುತ್ತಿದ್ದಾರೆ ಅಂತ ವಿಚಾರಿಸಿಕೊಂಡು ಹೋಗಬೇಕು. ಅದೇ ಅಳತೆಯ ಹೊಸ ಹೆಂಚು ಸಿಗುವುದಿಲ್ಲ. ಹೆಂಚು ಹೊರುವ ಮರದ ಪಕ್ಕಾಸು, ರೀಪು ಹಾಳಾದರೆ ಇನ್ನೂ ದೊಡ್ಡ ಖರ್ಚು. ಹಿಂದಿನವರು ಮಾಡನ್ನು ಅಷ್ಟು ಎತ್ತರಕ್ಕೆ ಕಟ್ಟಿದ್ದಾರೆ. ಏಣಿ ಸಾಲದು, ಅಟ್ಟಳಿಗೆ ಕಟ್ಟಬೇಕು. ಒಂದು ಮಳೆಗಾಲದ ರಿಪೇರಿಗೆ ಬೆಳೆ ಹಬ್ಬದ ದುಡ್ಡು ಪೂರ್ತಿ ಹೋಗುತ್ತದೆ.

ಶಾಲೆಯ ವಿಷಯ ಬರೆಯಲು ಕೈ ಬರುವುದಿಲ್ಲ. ಕನ್ನಡ ಮಾಧ್ಯಮದ ಅನುದಾನಿತ ಶಾಲೆ ನಮ್ಮದು. ಊರಿನ ಎಲ್ಲ ಜಾತಿಯವರ ಮಕ್ಕಳು ಅಲ್ಲಿ ಓದಿದರು. ಈಗ ನಮ್ಮ ಮಕ್ಕಳನ್ನೇ ನಾವು ಅಲ್ಲಿಗೆ ಕಳಿಸುವುದಿಲ್ಲ. ಟೀಚರುಗಳ ಸಂಬಳ ನಮ್ಮ ಸಭೆಯ ಎರಡನೇ ಬೆನ್ನೆಲುಬು ಆಗಿತ್ತು. ಅವರು ನಿವೃತ್ತರಾದ ಹಾಗೆ ಆ ಜಾಗಗಳು ಖಾಲಿ ಉಳಿದವು.

ಹೊರಗಿನಿಂದ ದುಡ್ಡು ಬರುತ್ತದೆ ಅಂತ ಊರಿನಲ್ಲಿ ಬಹಳ ಜನ ನಂಬಿದ್ದಾರೆ. "ನಿಮಗೇನು ಬಿಡಿ, ವಿದೇಶದಿಂದ ಬರುತ್ತದಲ್ಲ" ಅನ್ನುತ್ತಾರೆ. ಲೆಕ್ಕಪುಸ್ತಕ ಹಿಡಿದವನಿಗೆ ಈ ಮಾತು ಬಹಳ ನೋವು ಕೊಡುತ್ತದೆ. ನಮ್ಮ ಸಭೆಯ ಖಾತೆಯಲ್ಲಿ ವಿದೇಶದ ಒಂದು ರೂಪಾಯಿಯೂ ಇಲ್ಲ. ಬಾಸೆಲ್ ಮಿಶನ್ 2001ರಿಂದ ಬೇರೆ ಮಿಶನ್‌ಗಳ ಜೊತೆ ಸೇರಿ ಮಿಶನ್ 21 ಆಗಿ ಕೆಲಸ ಮಾಡುತ್ತಿದೆ. ಅದರ ಊರಾದ ಸ್ವಿಟ್ಜರ್ಲೆಂಡಿನಲ್ಲೇ ಚರ್ಚುಗಳು ಖಾಲಿಯಾಗುತ್ತಿವೆ. ಅಲ್ಲಿನ 2022ರ ಅಂಕಿಅಂಶದಲ್ಲಿ ಯಾವ ಧರ್ಮಕ್ಕೂ ಸೇರದವರು ಮೂರರಲ್ಲಿ ಒಂದು ಪಾಲಿನಷ್ಟಾಗಿ, ಕಥೊಲಿಕರನ್ನೂ ದಾಟಿ ಮೊದಲ ಸ್ಥಾನಕ್ಕೆ ಬಂದರು. ಅಲ್ಲಿನ ಸುಧಾರಿತ (ಪ್ರೊಟೆಸ್ಟಂಟ್) ಸಭೆಯವರು ಈಗ ಐದರಲ್ಲಿ ಒಂದು ಪಾಲು ಮಾತ್ರ. ಇತ್ತ 2020ರಲ್ಲಿ ವಿದೇಶಿ ದೇಣಿಗೆಯ ಕಾನೂನನ್ನು ಬಿಗಿ ಮಾಡಿದರು. ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ಆಡಳಿತದ ಖರ್ಚು ನೂರಕ್ಕೆ ಇಪ್ಪತ್ತನ್ನು ಮೀರುವ ಹಾಗಿಲ್ಲ. ನಮ್ಮಂಥ ಸಣ್ಣ ಸಭೆಗೆ ಆ ಬಾಗಿಲು ಇಲ್ಲ ಅಂತಲೇ ತಿಳಿದುಕೊಂಡು ನಡೆಯಬೇಕು. ನಿಜ ಹೇಳಬೇಕೆಂದರೆ, ಹಾಗೆ ತಿಳಿದುಕೊಳ್ಳುವುದು ಒಳ್ಳೆಯದು.

ಕೊರೋನಾ ವರ್ಷವೂ ಒಂದು ಪೆಟ್ಟು ಕೊಟ್ಟಿತು. ಬಾಗಿಲು ಹಾಕಿದ ತಿಂಗಳುಗಳಲ್ಲಿ ಜನ ಮೊಬೈಲಿನಲ್ಲಿ ಆರಾಧನೆ ನೋಡಲು ಕಲಿತರು. ಬಾಗಿಲು ತೆರೆದ ಮೇಲೂ ಕೆಲವರು ಮರಳಿ ಬರಲಿಲ್ಲ. ಅದಕ್ಕೂ ಮೊದಲು 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನ ಸುತ್ತ ಪ್ರಾರ್ಥನಾಲಯಗಳ ಮೇಲೆ ದಾಳಿ ಆದ ಮೇಲೆ, ಮನೆ ಪ್ರಾರ್ಥನೆಗಳಲ್ಲಿ ಹಾಡುವ ಸ್ವರ ತಗ್ಗಿತು. ಕೆಲವು ಮನೆಗಳಲ್ಲಿ ಪ್ರಾರ್ಥನಾ ಕೂಟವೇ ನಿಂತಿತು. ಅಕ್ಕಪಕ್ಕದವರು ಒಳ್ಳೆಯವರೇ, ಆದರೂ ಹೆದರಿಕೆ ಒಮ್ಮೆ ಮನೆ ಹೊಕ್ಕರೆ ಬೇಗ ಹೋಗುವುದಿಲ್ಲ. ಮನೆ ಪ್ರಾರ್ಥನೆ ನಿಂತಲ್ಲಿ ಭಾನುವಾರ ಬರುವವರೂ ಕಡಿಮೆಯಾದರು. ಯಾಕೆಂದರೆ ಕಾಲುನೋವಿನ ಅಜ್ಜಿಗೂ ಶಾಲೆಗೆ ಹೋಗುವ ಹುಡುಗನಿಗೂ ಸಭೆ ಅಂದರೆ ಮೊದಲು ಆ ಕೂಟವೇ ಆಗಿತ್ತು.

ಊರು ಬಿಟ್ಟವರಿಗೂ ಸಭೆಗೂ ಇನ್ನೂ ಉಳಿದಿರುವ ನಂಟು ಯಾವುದು ಗೊತ್ತಾ? ಮದುವೆ ಮತ್ತು ಸಮಾಧಿ. ಪಟ್ಟಿಯಿಂದ ಹೆಸರು ತೆಗೆಯಬೇಡಿ ಅಂತ ದುಬೈಯಿಂದ ಫೋನ್ ಬರುವುದು ಇದಕ್ಕಾಗಿ. ಅಪ್ಪನ ಪಕ್ಕದಲ್ಲಿ ಅಮ್ಮನಿಗೆ ಜಾಗ ಬೇಕು. ಮಗಳ ಮದುವೆ ಈ ಚರ್ಚಿನಲ್ಲೇ ಆಗಬೇಕು. ಈ ಆಸೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಮದುವೆ ಪ್ರಕಟಣೆ ಓದಿಸುವ ಮೊದಲು, ಸಮಾಧಿಗೆ ಜಾಗ ಗೊತ್ತು ಮಾಡುವ ಮೊದಲು, ವರ್ಷಗಳ ವಂತಿಗೆ ಬಾಕಿ ತೀರಿಸಬೇಕು ಅನ್ನುವ ಪದ್ಧತಿ ಹಲವು ಸಭೆಗಳಲ್ಲಿದೆ. ಮದುವೆಗೆ ಕೇಳುವುದು ಸರಿ. ಸಾವಿನ ಮನೆಯಲ್ಲಿ ರಶೀದಿ ಪುಸ್ತಕ ತೆರೆಯುವುದನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಅದನ್ನು ನಿಲ್ಲಿಸಿದ್ದೇವೆ. ಬಾಕಿ ಇದ್ದರೆ ಇರಲಿ, ಆ ದಿನ ಗಂಟೆ ಬಾರಿಸಿ, ಹಾಡಿ, ಮಣ್ಣು ಮಾಡಿ ಬರುತ್ತೇವೆ. ಇದರಿಂದ ಸಭೆಗೆ ನಷ್ಟವಾಗುತ್ತದೆ ಅಂತ ಕಮಿಟಿಯಲ್ಲಿ ಒಬ್ಬರು ಹೇಳಿದರು. ಆ ಸಮಯದಲ್ಲಿ ವಸೂಲಿ ಮಾಡಿದ ದುಡ್ಡಿನಿಂದ ಒಂದು ಕುಟುಂಬ ಸಭೆಯ ಮೇಲೆ ಇಡುವ ಪ್ರೀತಿ ಮುಗಿದುಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇಲ್ಲ.

ಇಷ್ಟೆಲ್ಲ ಆದ ಮೇಲೆ ಎಲ್ಲರ ಕಣ್ಣು ಹೋಗುವುದು ಜಾಗದ ಮೇಲೆ. ಹಳೆಯ ಮಿಶನ್ ಸಭೆಗಳ ಹತ್ತಿರ ದುಡ್ಡಿಲ್ಲ, ಆದರೆ ರಸ್ತೆ ಬದಿಯಲ್ಲಿ ಜಾಗ ಇದೆ. ಚತುಷ್ಪಥ ಹೆದ್ದಾರಿ ಬಂದ ಮೇಲೆ ಆ ಜಾಗದ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಒಂದು ಕಾಂಪ್ಲೆಕ್ಸ್ ಕಟ್ಟಿ ಬಾಡಿಗೆಗೆ ಕೊಡೋಣ, ದೀರ್ಘಕಾಲದ ಲೀಸಿಗೆ ಕೊಡೋಣ, ಒಂದು ತುಂಡು ಮಾರಿ ಬ್ಯಾಂಕಿನಲ್ಲಿಡೋಣ ಅಂತ ಸಲಹೆಗಳು. ಹಣದ ಒತ್ತಡ ಇರುವಾಗ ಇವು ಬುದ್ಧಿವಂತಿಕೆಯ ಮಾತಿನ ಹಾಗೇ ಕೇಳಿಸುತ್ತವೆ. ಆದರೆ ನಾನು ನೋಡಿದ ಕಡೆಗಳಲ್ಲಿ ಬಾಡಿಗೆ ಬರಲು ಶುರುವಾದ ಮೇಲೆ ವಂತಿಗೆ ಕಡಿಮೆಯಾಯಿತು. "ಸಭೆಗೆ ಬಾಡಿಗೆ ಬರುತ್ತದಲ್ಲ, ನಮ್ಮ ಐನೂರು ರೂಪಾಯಿ ಯಾಕೆ?" ಅನ್ನುವ ಮನಸ್ಸು ಬೆಳೆಯಿತು. ಕಮಿಟಿ ಚುನಾವಣೆಗೆ ಪೈಪೋಟಿ ಶುರುವಾಯಿತು, ಜಗಳ ಬಂತು, ಕೇಸು ಬಂತು. ಬಾಡಿಗೆಯ ಹಣ ವಕೀಲರ ಫೀಸಿಗೆ ಹೋಯಿತು. ಸುಮ್ನೆ ಕೂತು ತಿನ್ನಲು ಸಿಗುವ ಹಣ ಕೊಡುವ ಅಭ್ಯಾಸವನ್ನು ಕೊಲ್ಲುತ್ತದೆ. ಕೊಡುವ ಅಭ್ಯಾಸ ಸತ್ತ ಸಭೆಗೆ ಎಷ್ಟು ಬಾಡಿಗೆ ಬಂದರೂ ಸಾಲದು.

ಈ ವಿಷಯದಲ್ಲಿ ನನಗೆ ಧೈರ್ಯ ಕೊಡುವ ಉದಾಹರಣೆ ಮಿಜೋರಾಂನದು. ಅಲ್ಲಿ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು 1910ರಲ್ಲಿ ಹಿಡಿ ಅಕ್ಕಿ ತೆಗೆದಿಡುವ ಪದ್ಧತಿ ಶುರು ಮಾಡಿದರು. ಅನ್ನಕ್ಕೆ ಅಕ್ಕಿ ಅಳೆದುಕೊಂಡಾಗಲೆಲ್ಲ ಒಂದು ಹಿಡಿ ಸಭೆಯ ಪಾಲಿಗೆ. ವಾರದ ಕೊನೆಗೆ ಅದನ್ನೆಲ್ಲ ಒಟ್ಟು ಮಾಡಿ ಮಾರುತ್ತಾರೆ. ವೇಲ್ಸಿನ ಮಿಶನರಿಗಳು 1968ರ ಹೊತ್ತಿಗೆ ಹೊರಟುಹೋದರೂ ಆ ಸಭೆ ನಡುಗಲಿಲ್ಲ. ಇವತ್ತು ಅದು ತನ್ನದೇ ಮಿಶನರಿಗಳನ್ನು ಹೊರಗೆ ಕಳಿಸುತ್ತದೆ. ನಮ್ಮಲ್ಲೂ ಸ್ತ್ರೀ ಸಂಘದವರು ಹಿಂದೆ ಹಿಡಿ ಅಕ್ಕಿ ಡಬ್ಬ ಇಡುತ್ತಿದ್ದರು. ಅಜ್ಜಿಯ ಅಡುಗೆಮನೆಯಲ್ಲಿ ನಾನು ಅದನ್ನು ನೋಡಿದ್ದೇನೆ. ಯಾವಾಗ ನಿಂತಿತೋ ಯಾರಿಗೂ ನೆನಪಿಲ್ಲ. ಅಲ್ಲಿನ ಪದ್ಧತಿಯನ್ನು ಹಾಗೆಯೇ ಇಲ್ಲಿಗೆ ತರಲು ಆಗುವುದಿಲ್ಲ ಅಂತ ಗೊತ್ತು. ಮಿಜೋರಾಂನಲ್ಲಿ ನೂರಕ್ಕೆ 87 ಮಂದಿ ಕ್ರೈಸ್ತರು. ಅಕ್ಕಪಕ್ಕದ ಮನೆಯವರೂ ಹೆಚ್ಚಾಗಿ ಕ್ರೈಸ್ತರೇ. ನಮ್ಮಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಎರಡು ಬಸ್ ಸ್ಟಾಪು ಇರುತ್ತದೆ. ಆದರೂ ಆ ಹಿಡಿ ಅಕ್ಕಿಯಲ್ಲಿ ನಮಗೆ ಬೇಕಾದ ಒಂದು ಸಂಗತಿ ಇದೆ. ಅದು ದೊಡ್ಡ ದಾನಿಯನ್ನು ಕಾಯುವುದಿಲ್ಲ. ದಿನಾ ನಡೆಯುತ್ತದೆ, ಎಲ್ಲ ಮನೆಯಲ್ಲೂ ನಡೆಯುತ್ತದೆ.

ಬೆಳೆ ಹಬ್ಬದ ಏಲಂನಲ್ಲಿ ಇದರ ಉಲ್ಟಾ ನಡೆಯುತ್ತಿದೆ. ಮೊದಲೆಲ್ಲ ಮನೆಯಲ್ಲಿ ಬೆಳೆದದ್ದನ್ನು ತರುತ್ತಿದ್ದರು. ಬಾಳೆಗೊನೆ, ತೆಂಗಿನಕಾಯಿ, ಸುವರ್ಣಗೆಡ್ಡೆ, ಕಾಲು ಕಟ್ಟಿದ ಕೋಳಿ, ಕೈಯಲ್ಲಿ ಮಾಡಿದ ಹಪ್ಪಳ. ಹತ್ತು ರೂಪಾಯಿಯಿಂದ ಸವಾಲು ಶುರು, ಮಕ್ಕಳೂ ಕೂಗಬಹುದಿತ್ತು. ಈಗ ಗಲ್ಫಿನಿಂದ ರಜೆಗೆ ಬಂದವರೊಬ್ಬರು ಒಂದು ತೆಂಗಿನಕಾಯಿಯನ್ನು ಸಾವಿರಾರು ರೂಪಾಯಿಗೆ ಹಿಡಿಯುತ್ತಾರೆ. ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ, ನನ್ನ ಪುಸ್ತಕದಲ್ಲೂ ಒಳ್ಳೆಯ ಅಂಕಿ ಬೀಳುತ್ತದೆ. ಅವರ ಪ್ರೀತಿ ನಿಜವಾದದ್ದು, ನಾನು ಕೃತಜ್ಞ. ಆದರೆ ಹಿಂದಿನ ಬೆಂಚಿನಲ್ಲಿ ಕೂಲಿ ಮಾಡುವ ಒಬ್ಬ ಅಣ್ಣ ಹರಿವೆ ಸೊಪ್ಪಿನ ಕಟ್ಟು ಹಿಡಿದು ಕೂತಿರುತ್ತಾರೆ. ಆ ಏಲಂನಲ್ಲಿ ಅವರು ಬಾಯಿ ತೆರೆಯುವುದಿಲ್ಲ. ಒಂದು ದಿನದ ದೊಡ್ಡ ಕೊಡುಗೆಗಿಂತ ವರ್ಷವಿಡೀ ಬರುವ ಸಣ್ಣ ಕೊಡುಗೆ ನಮಗೆ ಹೆಚ್ಚು ಬೇಕು ಅಂತ ಆ ಗಲ್ಫಿನ ಅಣ್ಣನಿಗೆ ಹೇಳಿದೆ. ಅವರು ಬೇಸರ ಮಾಡಲಿಲ್ಲ. ಈಗ ತಿಂಗಳ ಮೊದಲ ವಾರ ಅವರ ವಂತಿಗೆ ತಾನಾಗಿಯೇ ಖಾತೆಗೆ ಬೀಳುತ್ತದೆ.

ಅದರಿಂದ ನನಗೊಂದು ದಾರಿ ಕಂಡಿತು. ಸಂಬಳ ದೂರ ಹೋಗಿದ್ದರೆ, ಲೆಕ್ಕ ಅದರ ಹಿಂದೆ ಹೋಗಲಿ. ಪ್ರತಿ ತಿಂಗಳು ಸಭೆಯ ಜಮಾ ಖರ್ಚನ್ನು ಒಂದೇ ಪುಟದಲ್ಲಿ ಬರೆದು, ಫೋಟೋ ತೆಗೆದು, ಊರಿನಲ್ಲಿದ್ದವರಿಗೂ ಹೊರಗಿದ್ದವರಿಗೂ ವಾಟ್ಸಾಪ್ ಮಾಡಲು ಶುರು ಮಾಡಿದೆವು. ಕರೆಂಟ್ ಬಿಲ್ ಎಷ್ಟು, ಗುಡಿಸುವ ಅಕ್ಕನಿಗೆ ಎಷ್ಟು, ಅಸೆಸ್‌ಮೆಂಟ್ ಬಾಕಿ ಎಷ್ಟು, ಎಲ್ಲ ಅದರಲ್ಲಿದೆ. ಕಮಿಟಿಯ ಹಿರಿಯರಿಗೆ ಮೊದಲು ಇದು ಹಿಡಿಸಲಿಲ್ಲ. ಮನೆಯ ಬಡತನವನ್ನು ಬೀದಿಗೆ ಹಾಕಿದ ಹಾಗೆ ಅನಿಸಿತು ಅವರಿಗೆ. ಆದರೆ ಎಷ್ಟು ಕೊರತೆ ಅಂತಲೇ ಗೊತ್ತಿಲ್ಲದವರು ತುಂಬುವುದಾದರೂ ಹೇಗೆ? "ಗುಡಿಸುವ ಅಕ್ಕನಿಗೆ ಇಷ್ಟೇ ಕೊಡುತ್ತಿದ್ದೇವಾ?" ಅಂತ ಪುಣೆಯಿಂದ ಒಬ್ಬಳು ತಂಗಿ ಬರೆದಳು. ಆ ಸಂಬಳ ಈಗ ಅವಳು ಮತ್ತು ಅವಳ ಗೆಳತಿಯರು ಸೇರಿ ಕೊಡುತ್ತಾರೆ, ಸ್ವಲ್ಪ ಹೆಚ್ಚು ಮಾಡಿಯೇ.

ಜನ ಬರುವ ವಿಷಯದಲ್ಲಿ ಇಷ್ಟು ಸುಲಭದ ದಾರಿ ಇಲ್ಲ. ಹೋದವರು ಮರಳಿ ಬರುತ್ತಾರೆ ಅಂತ ನಾನು ನಂಬಿಕೊಂಡಿಲ್ಲ. ಕೆಲಸ ಬೆಂಗಳೂರಿನಲ್ಲಿದ್ದರೆ ಬದುಕೂ ಅಲ್ಲೇ. ಆದರೆ ಇರುವವರನ್ನು ಒಟ್ಟು ಮಾಡಬಹುದು. ಪಕ್ಕದ ಊರಿನ ಸಭೆಯೂ ನಮ್ಮ ಹಾಗೇ ಇದೆ. ಎರಡು ಸಭೆಗೆ ಒಬ್ಬರೇ ಸಭಾಪಾಲಕರು ಸಾಕು ಅಂತ ಸಭಾಪ್ರಾಂತಕ್ಕೆ ನಾವೇ ಬರೆದೆವು. ತಿಂಗಳಿಗೊಂದು ಭಾನುವಾರ ಎರಡೂ ಸಭೆ ಸೇರಿ ಆರಾಧನೆ ಮಾಡುತ್ತೇವೆ, ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ. ಟೆಂಪೋ ಬಾಡಿಗೆ ಹಂಚಿಕೊಳ್ಳುತ್ತೇವೆ. ಆ ಭಾನುವಾರ ಕೊಯರ್‌ನಲ್ಲಿ ನಾಲ್ಕು ಸ್ವರವೂ ಸಿಗುತ್ತದೆ. ಜರ್ಮನ್ ರಾಗದ ಹಳೆಯ ಕನ್ನಡ ಹಾಡು ತುಂಬು ಕಂಠದಲ್ಲಿ ಏಳುವಾಗ ಇಷ್ಟು ಕಷ್ಟಪಟ್ಟದ್ದು ಸಾರ್ಥಕ ಅನಿಸುತ್ತದೆ. ಉಳಿದ ಭಾನುವಾರಗಳಲ್ಲಿ ಒಂದನ್ನು ಮನೆ ಆರಾಧನೆಗೆ ಬಿಟ್ಟಿದ್ದೇವೆ. ಬರಲಾಗದ ಅಮ್ಮಂದಿರ ಮನೆಗೇ ಹೋಗುತ್ತೇವೆ. ಚರ್ಚಿನ ಬಾಗಿಲು ಒಂದು ಭಾನುವಾರ ತೆರೆಯದಿದ್ದರೆ ಹೇಗೆ ಅಂತ ಕೆಲವರಿಗೆ ಸಂಕಟ. ನಡೆದು ಬರುವವರು ಇಲ್ಲವಾದಾಗ ಸಭೆಯೇ ನಡೆದು ಹೋಗಬೇಕು ಅಂತ ನನಗನಿಸುತ್ತದೆ.

ಇದರಿಂದ ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಅಸೆಸ್‌ಮೆಂಟ್ ಬಾಕಿ ಇನ್ನೂ ಇದೆ. ಸಮಾಧಿ ತೋಟದ ಪಾಗಾರ ಒಂದು ಕಡೆ ಬಿದ್ದಿದೆ. ಮಕ್ಕಳನ್ನು ಸಭೆಯ ಪೂರ್ಣ ಸದಸ್ಯರಾಗಿ ಸೇರಿಸಿಕೊಳ್ಳುವ ಮೊದಲು ನಡೆಸುವ ದೃಢೀಕರಣದ ತರಗತಿಗೆ ಈ ವರ್ಷ ಎರಡು ಸಭೆ ಸೇರಿಯೂ ಮಕ್ಕಳು ಬೆರಳೆಣಿಕೆಯಷ್ಟೇ. ಅವರಲ್ಲಿ ಕನ್ನಡ ಹಾಡಿನ ಪುಸ್ತಕ ಸರಾಗವಾಗಿ ಓದುವವರು ಇನ್ನೂ ಕಡಿಮೆ. ಶನಿವಾರ ಸಂಜೆ ಆ ಟೀಚರ್ ತಮ್ಮ ಮನೆಯ ಜಗಲಿಯಲ್ಲಿ ಅವರಿಗೆ ಕನ್ನಡ ಓದಿಸುತ್ತಿದ್ದಾರೆ.

ರಸ್ತೆ ಬದಿಯ ಜಾಗವನ್ನು ಲೀಸಿಗೆ ಕೊಡುವ ವಿಷಯ ಬರುವ ಸಾಮಾನ್ಯ ಸಭೆಯಲ್ಲಿ ಮತಕ್ಕೆ ಬರುತ್ತದೆ. ನಾನು ಬೇಡ ಅಂತ ಕೈ ಎತ್ತುತ್ತೇನೆ. ಕೈ ಎತ್ತಿದರೆ ಸಾಲದು, ಲೀಸಿನಿಂದ ಬರಬಹುದಾದ ಹಣವನ್ನು ಬೇರೆ ದಾರಿಯಲ್ಲಿ ತೋರಿಸಬೇಕು. ಅದಕ್ಕಾಗಿ ಪಟ್ಟಿಯಲ್ಲಿರುವ ಹೊರಗಿನ ಒಂದೊಂದು ಮನೆಗೂ ಫೋನ್ ಮಾಡುತ್ತಿದ್ದೇನೆ. ಊರು ಬಿಟ್ಟ ನಮ್ಮವರು ಯಾರಾದರೂ ಇದನ್ನು ಓದುತ್ತಿದ್ದರೆ, ಫೋನ್ ಬರುವ ತನಕ ಕಾಯಬೇಡಿ. ನಿಮ್ಮ ಊರಿನ ಸಭೆಯ ಖಜಾಂಚಿಯನ್ನು ಕೇಳಿ, ಈ ವರ್ಷ ಎಷ್ಟು ಕೊರತೆ ಅಂತ. ನೀವಿರುವ ಊರಿನ ಸಭೆಗೆ ಕೊಡುವುದನ್ನು ಕಡಿಮೆ ಮಾಡಬೇಡಿ. ತಿಂಗಳಿಗೆ ಇನ್ನೂರೋ ಮುನ್ನೂರೋ, ನಿಮ್ಮ ಅಮ್ಮ ಕೂತುಕೊಳ್ಳುವ ಬೆಂಚಿಗೂ ಕಳಿಸಿ. ಮತದ ದಿನಕ್ಕೆ ಮೊದಲು ಕಳಿಸಿದರೆ ನನ್ನ ಕೈಯಲ್ಲಿ ತೋರಿಸಲು ಒಂದು ಲೆಕ್ಕ ಇರುತ್ತದೆ.